ದುರ್ವಾಸನೆ ಮರವೂ ದೊಡ್ಡ ಕರುಳಿನ ಮದ್ದೂ

ಪಶ್ಚಿಮ ಘಟ್ಟದ ಮಳೆಕಾಡುಗಳಲ್ಲಿ, ಎತ್ತರದ ಮರಗಳ ನೆರಳಿನಲ್ಲಿ ಬೆಳೆಯುವ ಸಣ್ಣ ಮರವೊಂದಿದೆ. ಹೂ ಬಿಟ್ಟಾಗ ಬೀರುವ ನಾತದಿಂದಾಗಿ ಕನ್ನಡದಲ್ಲಿ ಅದಕ್ಕೆ ದುರ್ವಾಸನೆ ಮರವೆಂದೇ ಹೆಸರು. ಮರಾಠಿಯಲ್ಲಿ ನರಕ್ಯಾ ಎನ್ನುತ್ತಾರೆ. ಸಸ್ಯಶಾಸ್ತ್ರದಲ್ಲಿ ಅದು ನೋಥಪೊಡೈಟಿಸ್ ನಿಮ್ಮೋನಿಯಾನ. ದೊಡ್ಡ ಕರುಳಿನ ಕ್ಯಾನ್ಸರಿಗೆ ಇಂದು ಜಗತ್ತಿನಾದ್ಯಂತ ಕೊಡುತ್ತಿರುವ ಪ್ರಮುಖ ಔಷಧಗಳಲ್ಲಿ ಒಂದಾದ ಇರಿನೊಟೆಕಾನ್ ತಯಾರಾಗುವುದು ಈ ಮರದಲ್ಲಿರುವ ಒಂದು ರಾಸಾಯನಿಕದಿಂದ. ಆದರೆ ಇದರ ತೊಗಟೆಯ ಕಷಾಯ ಕುಡಿದು ಯಾರೂ ಗುಣವಾಗಲಾರರು. ಅದು ವಿಷ. ಗಿಡದಲ್ಲಿ ಮದ್ದಿನ ಮೂಲವಿರುವುದು ಬೇರೆ, ಗಿಡವೇ ಮದ್ದಾಗುವುದು ಬೇರೆ. ಈ ವ್ಯತ್ಯಾಸ ತಿಳಿಯದೆ ಹೋದರೆ ಜೀವವೇ ಹೋದೀತು.

ನಮ್ಮ ಗಡಿನಾಡಿನಲ್ಲಿ ಇದನ್ನು ಹೇಳಲೇಬೇಕಾದ ಕಾರಣವೊಂದಿದೆ. ಮನೆಯಲ್ಲೊಬ್ಬರಿಗೆ ರೋಗ ಪತ್ತೆಯಾದರೆ ಪರೀಕ್ಷೆಯ ವರದಿ ಇಂಗ್ಲಿಷಿನಲ್ಲಿರುತ್ತದೆ, ವಿವರಣೆ ಹಲವೊಮ್ಮೆ ಮಲಯಾಳದಲ್ಲಿ ಸಿಗುತ್ತದೆ. ಅಚ್ಚ ಕನ್ನಡದಲ್ಲಿ ಮನೆಬಾಗಿಲಿಗೆ ಬರುವುದು ಮೊಬೈಲಿನ ಸಂದೇಶ ಮಾತ್ರ: ಇಂಥ ಎಲೆಯ ರಸ ಕುಡಿಯಿರಿ, ಕ್ಯಾನ್ಸರ್ ಮಾಯ. ತಾಯ್ನುಡಿಯಲ್ಲಿ ಬಂದ ಮಾತನ್ನು ಮನಸ್ಸು ಬೇಗ ನಂಬುತ್ತದೆ. ಆದ್ದರಿಂದ ಗಿಡವೊಂದರ ಸತ್ವ ಮದ್ದಾಗಿ ಬಂದ ನಿಜವಾದ ಕತೆಯೂ ಕನ್ನಡದಲ್ಲಿರಬೇಕು.

ಕತೆ ಆರಂಭವಾಗುವುದು ಚೀನದ ಒಂದು ಮರದಿಂದ. ಕ್ಯಾಂಪ್ಟೊಥೆಕಾ ಅಕ್ಯುಮಿನಾಟ ಎಂಬ ಆ ಮರದ ಸಾರದಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಗುಣವಿರುವುದನ್ನು ಕಂಡು, ಅಮೆರಿಕದ ಉತ್ತರ ಕೆರೊಲಿನಾದ ಪ್ರಯೋಗಾಲಯದಲ್ಲಿ ಮನ್ರೋ ವಾಲ್ ಮತ್ತು ಮನ್ಸುಖ್ ವಾನಿ ಅದರ ಬೆನ್ನುಹತ್ತಿದರು. ವಾನಿಯವರು ಮಹಾರಾಷ್ಟ್ರದ ನಂದುರ್ಬಾರಿನಲ್ಲಿ ಹುಟ್ಟಿದವರು. ಸಾರದಿಂದ ಬೇರ್ಪಡಿಸಿದ ಕ್ಯಾಂಪ್ಟೊಥೆಸಿನ್ ಎಂಬ ವಸ್ತುವಿನ ರಚನೆಯನ್ನು ಅವರ ತಂಡ 1966ರಲ್ಲಿ ಪ್ರಕಟಿಸಿತು. 1972ರಲ್ಲಿ ಮುಂಬಯಿಯ ವಿಜ್ಞಾನಿಗಳಾದ ಟಿ. ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್ ಅದೇ ವಸ್ತುವನ್ನು ನಮ್ಮ ಘಟ್ಟದ ದುರ್ವಾಸನೆ ಮರದಲ್ಲಿ ಕಂಡುಹಿಡಿದರು.

ಅದೇ ಹೊತ್ತಿಗೆ ಈ ವಸ್ತು ರೋಗಿಗಳ ಮೇಲಿನ ಪ್ರಯೋಗದಲ್ಲಿ ಸೋತಿತ್ತು. ಕ್ಯಾಂಪ್ಟೊಥೆಸಿನ್ ನೀರಿನಲ್ಲಿ ಕರಗುವುದಿಲ್ಲ. ಕರಗಿಸಲೆಂದು ಅದನ್ನು ಸೋಡಿಯಂ ಲವಣವಾಗಿ ಮಾರ್ಪಡಿಸಿದರು. ಹಾಗೆ ಮಾಡಿದಾಗ ಅದರ ಶಕ್ತಿ ಕುಗ್ಗಿತು; ಸಾಲದೆಂಬಂತೆ ಮೂತ್ರಕೋಶವನ್ನು ಸೇರಿ, ಅಲ್ಲಿಯ ಆಮ್ಲಗುಣದಿಂದ ಮೂಲರೂಪಕ್ಕೆ ಮರಳಿ, ರಕ್ತಸ್ರಾವ ಉಂಟುಮಾಡಿತು. ಪ್ರಯೋಗಗಳನ್ನು ನಿಲ್ಲಿಸಬೇಕಾಯಿತು. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಗೆದ್ದ ಸಸ್ಯಸತ್ವ ಮನುಷ್ಯದೇಹದಲ್ಲಿ ಹೀಗೆ ಸೋಲುವುದು ಅಪರೂಪವಲ್ಲ. ಸಂದೇಶಗಳಲ್ಲಿ ಹರಿದಾಡುವ ಬಹುತೇಕ ‘ಸಂಶೋಧನೆ’ಗಳು ಆ ಗಾಜಿನ ತಟ್ಟೆಯನ್ನು ದಾಟಿ ಬಂದವಲ್ಲ.

ಮರುಜೀವ ದೊರೆತದ್ದು ಎರಡು ಕಡೆಯಿಂದ. 1983ರಲ್ಲಿ ಜಪಾನಿನ ಯಾಕುಲ್ಟ್ ಕಂಪನಿಯ ರಸಾಯನಶಾಸ್ತ್ರಜ್ಞರು ಮೂಲವಸ್ತುವಿಗೆ ನೀರಿನಲ್ಲಿ ಕರಗುವ ಒಂದು ಅಂಗವನ್ನು ಜೋಡಿಸಿ ಇರಿನೊಟೆಕಾನ್ ತಯಾರಿಸಿದರು. 1985ರಲ್ಲಿ ಅಮೆರಿಕದ ಸಂಶೋಧಕರು ಕ್ಯಾಂಪ್ಟೊಥೆಸಿನ್ ಕೆಲಸಮಾಡುವ ಬಗೆಯನ್ನು ಬಿಡಿಸಿ ತೋರಿಸಿದರು. ಕೋಶವೊಂದು ಎರಡಾಗುವ ಮೊದಲು ಅದರ ಡಿಎನ್‌ಎಯ ಹುರಿ ಬಿಚ್ಚಿಕೊಳ್ಳಬೇಕು. ಹಗ್ಗದ ಹುರಿಯನ್ನು ಒಂದು ಕಡೆ ಬಿಚ್ಚುತ್ತ ಹೋದರೆ ಮುಂದೆ ಗಂಟು ಬಿಗಿಯುವಂತೆ ಅಲ್ಲಿಯೂ ಬಿಗಿತ ಹೆಚ್ಚುತ್ತದೆ. ಟೊಪೊಐಸೊಮರೇಸ್ ಎಂಬ ಕಿಣ್ವ ಒಂದು ಎಳೆಯನ್ನು ಕತ್ತರಿಸಿ, ಬಿಗಿತ ಸಡಿಲಿಸಿ, ಮತ್ತೆ ಬೆಸೆಯುತ್ತದೆ. ಕ್ಯಾಂಪ್ಟೊಥೆಸಿನ್ ಆ ಬೆಸುಗೆಯನ್ನು ತಡೆಯುತ್ತದೆ. ಎಳೆ ತುಂಡಾಗಿಯೇ ಉಳಿದು ಕೋಶ ಸಾಯುತ್ತದೆ. ಬಿರುಸಿನಿಂದ ವಿಭಜನೆಯಾಗುವ ಕ್ಯಾನ್ಸರ್ ಕೋಶಗಳಿಗೆ ಪೆಟ್ಟು ಹೆಚ್ಚು.

ಬೇರೆ ಚಿಕಿತ್ಸೆಗೆ ಬಗ್ಗದೆ ದೇಹದಲ್ಲಿ ಹರಡಿದ ದೊಡ್ಡ ಕರುಳಿನ ಕ್ಯಾನ್ಸರಿಗೆ ಈ ಔಷಧವನ್ನು ಬಳಸಲು ಅಮೆರಿಕ 1996ರಲ್ಲಿ ಅನುಮತಿ ನೀಡಿತು. ರಚನೆ ತಿಳಿದ ಮೇಲೆ ಅಲ್ಲಿಗೆ ತಲುಪಲು ಮೂವತ್ತು ವರ್ಷ ಬೇಕಾಯಿತು. ಇಂದು ಇದನ್ನು ಇತರ ಔಷಧಗಳೊಡನೆ ಡ್ರಿಪ್ ಮೂಲಕ ಕೊಡುತ್ತಾರೆ. ಬಹುತೇಕ ಹರಡಿದ ರೋಗವನ್ನು ಅದು ಬೇರುಸಹಿತ ಕೀಳುವುದಿಲ್ಲ, ಹಿಡಿತದಲ್ಲಿಟ್ಟು ಆಯುಷ್ಯವನ್ನು ಮುಂದೊತ್ತುತ್ತದೆ. ತೀವ್ರ ಭೇದಿ, ಬಿಳಿರಕ್ತಕಣಗಳ ಕುಸಿತ ಇದರ ಅಡ್ಡಪರಿಣಾಮಗಳು. ಔಷಧವನ್ನು ಯಕೃತ್ತಿನಲ್ಲಿ ನಿಷ್ಕ್ರಿಯಗೊಳಿಸುವ ಕಿಣ್ವವು ಕೆಲವರಲ್ಲಿ ಹುಟ್ಟಿನಿಂದಲೇ ಮಂದವಾಗಿರುವುದರಿಂದ, ಅಂಥವರಿಗೆ ಪ್ರಮಾಣವನ್ನು ತಗ್ಗಿಸಬೇಕಾಗುತ್ತದೆ. ಇಷ್ಟು ಅಳೆದು ತೂಗಿ ಕೊಡಬೇಕಾದ ವಸ್ತುವನ್ನು ಮನೆಯ ಒಲೆಯ ಮೇಲೆ ಕುದಿಸಿ ಕೊಡಲಾದೀತೆ?

ಇನ್ನು ನಮಗೆಲ್ಲ ಹತ್ತಿರದ ಅರಿಶಿನ. ಅದರ ಕುರ್ಕುಮಿನ್ ಪ್ರಯೋಗಾಲಯದಲ್ಲಿ ಕರುಳಿನ ಕ್ಯಾನ್ಸರ್ ಕೋಶಗಳನ್ನು ತಡೆಯುವುದು ನಿಜ. ಆದರೆ ನುಂಗಿದ ಕುರ್ಕುಮಿನ್ ರಕ್ತಕ್ಕೆ ಸೇರುವುದು ಅತ್ಯಲ್ಪ. ಕಾಳುಮೆಣಸಿನ ಪಿಪರಿನ್ ಜೊತೆಗಿದ್ದರೆ ಹೀರಿಕೆ ಬಹಳ ಹೆಚ್ಚುತ್ತದೆಂದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ತೋರಿಸಿದರು. ಹೀರಿಕೆ ಹೆಚ್ಚಿತೆಂದರೆ ರೋಗ ಗುಣವಾಯಿತೆಂದಲ್ಲ. ಕರುಳಿನಲ್ಲಿ ನೂರಾರು ಗಡ್ಡೆಗಳೇಳುವ ಆನುವಂಶಿಕ ಕಾಯಿಲೆಯುಳ್ಳ 44 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ 3 ಗ್ರಾಂ ಕುರ್ಕುಮಿನನ್ನು ಒಂದು ವರ್ಷ ಕೊಟ್ಟು ನೋಡಿದ ಪ್ರಯೋಗದ ಫಲ 2018ರಲ್ಲಿ ಪ್ರಕಟವಾಯಿತು. ಗಡ್ಡೆಗಳ ಸಂಖ್ಯೆಯಲ್ಲಾಗಲಿ ಗಾತ್ರದಲ್ಲಾಗಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಭರವಸೆಯ ಸುದ್ದಿಯೂ ಇಲ್ಲದಿಲ್ಲ. ನಮ್ಮ ಘಟ್ಟದ ಮರದರಿಶಿನ ಬಳ್ಳಿಯಲ್ಲಿ ಬೆರ್ಬೆರಿನ್ ಎಂಬ ಹಳದಿ ವಸ್ತುವಿದೆ. ಬೇರೆ ಹಲವು ಗಿಡಗಳಲ್ಲಿಯೂ ಇದೆ. ಕರುಳಿನ ಗಡ್ಡೆಗಳನ್ನು ತೆಗೆಸಿಕೊಂಡವರಿಗೆ ಶುದ್ಧ ಬೆರ್ಬೆರಿನ್ ಕೊಟ್ಟು ಚೀನದಲ್ಲಿ ನಡೆಸಿದ ಪ್ರಯೋಗದ ಫಲಿತಾಂಶ 2020ರಲ್ಲಿ ಬಂತು. ಹುಸಿಗುಳಿಗೆ ಪಡೆದವರಲ್ಲಿ ನೂರಕ್ಕೆ 47 ಮಂದಿಗೆ ಗಡ್ಡೆ ಮರುಕಳಿಸಿದರೆ, ಬೆರ್ಬೆರಿನ್ ಪಡೆದವರಲ್ಲಿ 36 ಮಂದಿಗೆ. ಈ ಗಡ್ಡೆಗಳು ಕ್ಯಾನ್ಸರ್ ಅಲ್ಲ, ಮುಂದೆಂದಾದರೂ ಕ್ಯಾನ್ಸರ್ ಆಗಬಹುದಾದವು. ತಡೆಯುವ ದಾರಿಯಲ್ಲಿ ಇದು ಒಳ್ಳೆಯ ಹೆಜ್ಜೆ; ಬಂದ ಕ್ಯಾನ್ಸರನ್ನು ವಾಸಿಮಾಡುವುದೆಂಬುದಕ್ಕೆ ಪುರಾವೆಯಲ್ಲ.

‘ಆಸ್ಪತ್ರೆಯ ಮದ್ದಿನ ಜೊತೆಗೆ ಸೊಪ್ಪಿನ ಮದ್ದೂ ಇರಲಿ, ನಷ್ಟವೇನು?’ ಎನ್ನುವವರುಂಟು. ನಷ್ಟವಿದೆ. ಯುರೋಪಿನಲ್ಲಿ ಖಿನ್ನತೆಗೆ ಬಳಸುವ ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆಯನ್ನು ಇರಿನೊಟೆಕಾನಿನೊಡನೆ ಸೇವಿಸಿದಾಗ, ರಕ್ತದಲ್ಲಿ ಔಷಧದ ಸಕ್ರಿಯ ರೂಪ ಶೇಕಡಾ 42ರಷ್ಟು ಇಳಿದದ್ದು 2002ರಲ್ಲಿ ವರದಿಯಾಗಿದೆ. ಗಿಡದಿಂದ ಬಂದ ಮದ್ದನ್ನು ಇನ್ನೊಂದು ಗಿಡವೇ ಕೆಡಿಸಿತು. ಅಡುಗೆಯ ಅರಿಶಿನಕ್ಕೆ ಹೆದರಬೇಕಿಲ್ಲ. ಗುಳಿಗೆ, ಚೂರ್ಣ, ಕಷಾಯ ಯಾವುದೇ ಇರಲಿ, ವೈದ್ಯರಿಗೆ ಹೇಳದೆ ಸೇವಿಸಬಾರದು.

ಇದಕ್ಕೂ ದೊಡ್ಡ ನಷ್ಟ, ಕಳೆದುಹೋಗುವ ಕಾಲದ್ದು. ರೋಗ ಇನ್ನೂ ದೂರದ ಅಂಗಗಳಿಗೆ ಹರಡದಿದ್ದಾಗ ಪರ್ಯಾಯ ಚಿಕಿತ್ಸೆಯನ್ನು ಮಾತ್ರ ನೆಚ್ಚಿದವರನ್ನು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಇತರರೊಡನೆ ಹೋಲಿಸಿ, 2018ರಲ್ಲಿ ಪ್ರಕಟಿಸಿದರು. ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರಿನಲ್ಲಿ ಅಂಥವರ ಸಾವಿನ ಅಪಾಯ ಸುಮಾರು ನಾಲ್ಕೂವರೆ ಪಟ್ಟು ಹೆಚ್ಚಿತ್ತು. ಆರಂಭದಲ್ಲಿ ಶಸ್ತ್ರಚಿಕಿತ್ಸೆಯಿಂದಲೇ ಗುಣವಾಗಬಹುದಾದ ರೋಗವಿದು ಎಂಬುದನ್ನು ನೆನೆದರೆ ಈ ಅಂಕಿಯ ಭಾರ ತಿಳಿಯುತ್ತದೆ.

ಕೊನೆಗೆ ಮತ್ತೆ ಆ ಮರದ ಕಡೆಗೆ. ಬೇಡಿಕೆ ಹೆಚ್ಚಿದಂತೆ ಮಹಾರಾಷ್ಟ್ರದ ಘಟ್ಟಗಳಲ್ಲಿ ನರಕ್ಯಾ ಮರಗಳನ್ನು ಕಡಿದು, ಬೇರುಸಮೇತ ಕಿತ್ತು ಸಾಗಿಸಿದರು. ಕಾಡಿನಲ್ಲಿ ಅದರ ಸಂತತಿ ಕುಗ್ಗಿದೆ. ಮರದೊಳಗೆ ನೆಲೆಸುವ ಕೆಲವು ಶಿಲೀಂಧ್ರಗಳೂ ಕ್ಯಾಂಪ್ಟೊಥೆಸಿನ್ ತಯಾರಿಸುತ್ತವೆಂಬುದನ್ನು ಭಾರತದ ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಆದರೆ ಮರದಿಂದ ಹೊರತೆಗೆದು ಬೆಳೆಸಿದಾಗ ತಲೆಮಾರಿನಿಂದ ತಲೆಮಾರಿಗೆ ಅವುಗಳ ಆ ಶಕ್ತಿ ಕುಂದುತ್ತದೆ. ಮದ್ದು ಬೇಕಾದರೆ ಮರ ಉಳಿಯಬೇಕು.

ಘಟ್ಟದ ಗಿಡಮೂಲಿಕೆಗಳ ಬಗೆಗೆ ನಮ್ಮ ಹಿರಿಯರಿಗಿದ್ದ ಗೌರವವನ್ನು ಬಿಡಬೇಕಾಗಿಲ್ಲ. ಅವುಗಳನ್ನು ಕಾಡಿನಲ್ಲಿ ಉಳಿಸುವುದೇ ಆ ಗೌರವಕ್ಕೆ ತಕ್ಕ ಕೆಲಸ. ಮಲದಲ್ಲಿ ರಕ್ತ ಕಂಡರೆ, ಶೌಚದ ಕ್ರಮ ವಾರಗಟ್ಟಲೆ ಏರುಪೇರಾದರೆ, ಕಾರಣವಿಲ್ಲದೆ ತೂಕ ಇಳಿದರೆ ಅಥವಾ ರಕ್ತಹೀನತೆ ಕಾಣಿಸಿದರೆ, ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸಿ ಸೊಪ್ಪು ಅರೆಯುತ್ತ ಕೂರದೆ ವೈದ್ಯರಲ್ಲಿಗೆ ಹೋಗಬೇಕು. ಅವರ ಮಾತು ಅರ್ಥವಾಗದಿದ್ದರೆ, ಭಾಷೆ ತಿಳಿದ ಒಬ್ಬರನ್ನು ಜೊತೆಗೆ ಕರೆದೊಯ್ದು ಮತ್ತೊಮ್ಮೆ ಕೇಳುವುದರಲ್ಲಿ ಸಂಕೋಚ ಬೇಡ.