ಮನೆಯ ಕಂಪ್ಯೂಟರಿಗೂ ಬೇಕು ಮೀಸಲು ಪ್ರತಿ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳ ಅನೇಕ ರೈತರು ಬೇಸಾಯದ ಲೆಕ್ಕಪತ್ರಗಳನ್ನು ಮನೆಯ ಕಂಪ್ಯೂಟರಿನಲ್ಲಿಯೇ ಇಡುತ್ತಿದ್ದಾರೆ. ಈ ಕಂಪ್ಯೂಟರ್ ಕೆಟ್ಟರೆ ಪಹಣಿಯನ್ನು ನಾಡಕಚೇರಿಯಿಂದ, ಸಾಲದ ವಿವರವನ್ನು ಬ್ಯಾಂಕಿನಿಂದ, ಸೊಪ್ಪು ಮಾರಿದ ಲೆಕ್ಕವನ್ನು ತಂಬಾಕು ಮಂಡಳಿಯಿಂದ ಮತ್ತೆ ಪಡೆಯಬಹುದು. ಆದರೆ ಕೂಲಿ ಬಟವಾಡೆ, ಗೊಬ್ಬರದ ಖರ್ಚು, ಬ್ಯಾರನ್‌ವಾರು ಸೊಪ್ಪು ಹದ ಮಾಡಿದ ಟಿಪ್ಪಣಿ, ಶುಂಠಿಗೆ ರೋಗ ಬಂದ ಹೊಲದ ವಿವರ ಇವುಗಳ ಪ್ರತಿ ಬೇರೆಲ್ಲಿಯೂ ಇರುವುದಿಲ್ಲ. ಹೋದರೆ ಹೋದಂತೆಯೇ.

ಹಾನಿಯ ಕಾರಣಗಳು

ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ಸಿಡಿಲಿನ ಹೊಡೆತ ವಿದ್ಯುತ್ ತಂತಿಯಿಂದ ಮಾತ್ರವಲ್ಲದೆ ಇಂಟರ್‌ನೆಟ್ ಕೇಬಲ್ಲಿನ ಮೂಲಕವೂ ಒಳಬರುತ್ತದೆ. ಸ್ಟೆಬಿಲೈಸರ್ ಇದನ್ನು ತಡೆಯಲಾರದು; ಎರಡನ್ನೂ ಕಿತ್ತಿಡಬೇಕು. 2019ರ ಆಗಸ್ಟ್‌ನಲ್ಲಿ ಲಕ್ಷ್ಮಣತೀರ್ಥ ಮತ್ತು ಕಬಿನಿ ಉಕ್ಕಿ ಹರಿದುದನ್ನು ಈ ಭಾಗದವರು ಮರೆತಿಲ್ಲ. ಬ್ಯಾರನ್ ಬೆಂಕಿ, ಇಲಿ ಕಾಟ, ಕಳ್ಳತನಗಳೂ ಉಂಟು. ಇವಲ್ಲದೆ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್‌ಗಳೂ ಇವೆ. 2017ರ ಮೇ ತಿಂಗಳಿನಲ್ಲಿ 'ವನ್ನಾಕ್ರೈ' ಎಂಬುದು ಹಲವು ದೇಶಗಳಲ್ಲಿ ಹರಡಿತು.

ಎರಡು ಬಗೆಯ ಪ್ರತಿಗಳು

ಕಡತಗಳನ್ನು ಮಾತ್ರ ಪೆನ್‌ಡ್ರೈವಿಗೆ ನಕಲು ಮಾಡುವುದು ಒಂದು ಬಗೆ. ಇದು ಸುಲಭ. ಆದರೆ ಡಿಸ್ಕ್ ಸತ್ತಾಗ ವಿಂಡೋಸ್, ನುಡಿ, ಲೆಕ್ಕದ ತಂತ್ರಾಂಶ, ಪ್ರಿಂಟರ್ ಎಲ್ಲವನ್ನೂ ಹೊಸದಾಗಿ ಅಳವಡಿಸಬೇಕಾಗುತ್ತದೆ. ಇಡೀ ಡಿಸ್ಕನ್ನು ಇದ್ದ ಹಾಗೆಯೇ ಸೆರೆಹಿಡಿಯುವುದು ಎರಡನೆಯ ಬಗೆ. ಇದೇ ಪೂರ್ಣ ಪ್ರತಿ ಅಥವಾ 'ಸಿಸ್ಟಮ್ ಇಮೇಜ್'. ಹೊಸ ಡಿಸ್ಕ್ ಹಾಕಿ ಇದನ್ನು ಇಳಿಸಿದರೆ ಕಂಪ್ಯೂಟರ್ ಮೊದಲಿನಂತಾಗುತ್ತದೆ. ಹೊಸ ಡಿಸ್ಕ್ ಹಳೆಯದಕ್ಕಿಂತ ಚಿಕ್ಕದಾಗಿರಬಾರದು. ಬೇರೆ ಮಾದರಿಯ ಕಂಪ್ಯೂಟರಿಗೆ ಈ ಪ್ರತಿ ಹೊಂದದೆ ಹೋಗಬಹುದು. ಆದ್ದರಿಂದ ಎರಡೂ ಬಗೆಯ ಪ್ರತಿಗಳು ಅವಶ್ಯ.

ಮಾಡುವ ಕ್ರಮ

1. ಹೊರಗಿನಿಂದ ಜೋಡಿಸುವ ಎರಡು ಹಾರ್ಡ್‌ಡಿಸ್ಕ್‌ಗಳನ್ನೂ 32 ಜಿಬಿಯ ಒಂದು ಖಾಲಿ ಪೆನ್‌ಡ್ರೈವನ್ನೂ ಕೊಳ್ಳಬೇಕು.

2. ವಿಂಡೋಸ್‌ನಲ್ಲಿ 'ರಿಕವರಿ ಡ್ರೈವ್' ಎಂದು ಹುಡುಕಿ, ಆ ಪೆನ್‌ಡ್ರೈವನ್ನು ಸಿದ್ಧಪಡಿಸಬೇಕು. ಡಿಸ್ಕ್ ಕೆಟ್ಟಾಗ ಕಂಪ್ಯೂಟರನ್ನು ಎಬ್ಬಿಸುವುದು ಇದೇ. ಇದರಲ್ಲಿ ಮೊದಲಿದ್ದುದೆಲ್ಲ ಅಳಿಸಿಹೋಗುವುದನ್ನು ನೆನಪಿಡಿ.

3. 'ಕಂಟ್ರೋಲ್ ಪ್ಯಾನೆಲ್'ನ 'ಬ್ಯಾಕಪ್ ಅಂಡ್ ರಿಸ್ಟೋರ್' ತೆರೆದು, 'ಕ್ರಿಯೇಟ್ ಎ ಸಿಸ್ಟಮ್ ಇಮೇಜ್' ಒತ್ತಿ, ಹೊರಗಿನ ಡಿಸ್ಕನ್ನು ಆರಿಸಬೇಕು. ಕೆಲಸ ಮುಗಿಯಲು ಕೆಲವು ಗಂಟೆಗಳಾಗಬಹುದು. ಕರೆಂಟ್ ನೆಚ್ಚಿಕೆಯಾಗಿರುವ ಹೊತ್ತನ್ನು ನೋಡಿಕೊಳ್ಳಿ.

4. ಮುಗಿದ ಕೂಡಲೇ ಡಿಸ್ಕನ್ನು ಬಿಡಿಸಿಡಬೇಕು. ಜೋಡಿಸಿಯೇ ಬಿಟ್ಟರೆ ಸಿಡಿಲು, ವೈರಸ್ ಎರಡಕ್ಕೂ ಅದೂ ತುತ್ತಾಗುತ್ತದೆ.

5. ಹೊಸ ಕಂಪ್ಯೂಟರುಗಳಲ್ಲಿ ಡಿಸ್ಕಿಗೆ 'ಬಿಟ್‌ಲಾಕರ್' ಬೀಗ ಇರಬಹುದು. ಅದರ 48 ಅಂಕಿಗಳ ಕೀಲಿಯನ್ನು ಪುಸ್ತಕದಲ್ಲಿ ಬರೆದು, ಪತ್ರಗಳ ಪೆಟ್ಟಿಗೆಯಲ್ಲಿಡಿ.

ಎಲ್ಲಿಡಬೇಕು?

ಬಿತ್ತನೆ ಬೀಜವನ್ನೆಲ್ಲ ಒಂದೇ ಹಗೇವಿನಲ್ಲಿ ತುಂಬಿ ನಿಶ್ಚಿಂತೆಯಾಗಿರುವವರಿಲ್ಲ. ಅಂತೆಯೇ ಒಂದು ಡಿಸ್ಕ್ ಮನೆಯಲ್ಲಿದ್ದರೆ ಇನ್ನೊಂದು ಬೇರೆ ಊರಿನ ನಂಟರ ಮನೆಯಲ್ಲಿರಲಿ. ಹೊಳೆದಂಡೆಯ ಊರಿನವರು ದಿಬ್ಬದ ಊರನ್ನು ಆರಿಸಿಕೊಳ್ಳಬೇಕು. ಮುಂದಿನ ಸಲ ಎರಡನ್ನೂ ಅದಲುಬದಲು ಮಾಡಿ. ಒಂದು ಪ್ರತಿ ತಪ್ಪಾಗಿ ಬಂದರೂ ಹಿಂದಿನದು ಉಳಿದಿರುತ್ತದೆ.

ಯಾವಾಗ ಮಾಡಬೇಕು?

ವರ್ಷಕ್ಕೆ ಮೂರು ಪೂರ್ಣ ಪ್ರತಿಗಳು ಸಾಕು.

ಮೊದಲನೆಯದು: ಮಾರ್ಚ್ ಕೊನೆಗೆ, ವರ್ಷದ ಲೆಕ್ಕ ಮುಗಿಸಿ, ಅಶ್ವಿನಿ ಮಳೆಯ ಗುಡುಗು ಆರಂಭವಾಗುವ ಮುನ್ನ.

ಎರಡನೆಯದು: ಆರಿದ್ರಾ ಮಳೆಯ ಹೊತ್ತಿಗೆ, ಹೊಳೆ ತುಂಬುವ ಮತ್ತು ಬ್ಯಾರನ್‌ಗೆ ಬೆಂಕಿ ಹಾಕುವ ಮುನ್ನ.

ಮೂರನೆಯದು: ದೀಪಾವಳಿಯ ಸುಮಾರಿಗೆ, ತಂಬಾಕು ಹರಾಜು ನಡೆಯುತ್ತಿರುವಾಗ.

ನಡುವೆ ಪ್ರತಿ ವಾರ, ಸಂತೆಯ ದಿನದಂದು, ಹೊಸ ಕಡತಗಳನ್ನು ಮತ್ತೊಂದು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಬೇಕು.

ಪರೀಕ್ಷಿಸದ ಪ್ರತಿ ಪ್ರತಿಯಲ್ಲ

ಮೊಳಕೆ ಪರೀಕ್ಷೆ ಮಾಡದ ಬೀಜವನ್ನು ನಂಬಿ ಬಿತ್ತುವುದು ಹೇಗೆ ಅಪಾಯವೋ ಇದೂ ಹಾಗೆಯೇ. ರಿಕವರಿ ಪೆನ್‌ಡ್ರೈವಿನಿಂದ ಕಂಪ್ಯೂಟರನ್ನು ಚಾಲೂ ಮಾಡಿ, 'ಟ್ರಬಲ್‌ಶೂಟ್' ಮೂಲಕ 'ಸಿಸ್ಟಮ್ ಇಮೇಜ್ ರಿಕವರಿ'ಗೆ ಹೋಗಿ. ಬೀಗದ ಕೀಲಿ ಕೇಳಿದರೆ ಬರೆದಿಟ್ಟ ಅಂಕಿಗಳನ್ನು ಹಾಕಿ ನೋಡಿ. ನೀವು ಮಾಡಿದ ಪ್ರತಿ ಅದರ ದಿನಾಂಕದೊಡನೆ ಕಾಣಿಸಬೇಕು. ಅಲ್ಲಿಂದ ಮುಂದೆ ಹೋಗದೆ 'ಕ್ಯಾನ್ಸಲ್' ಒತ್ತಬೇಕು. ಮುಂದುವರಿದರೆ ಈಗಿರುವುದು ಅಳಿಸಿ ಹಳೆಯದು ಕೂರುತ್ತದೆ. ನಕಲು ಮಾಡಿದ ಕಡತಗಳಲ್ಲಿ ನಾಲ್ಕಾರನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ.

ಈ ಕ್ರಮವನ್ನು ಮನೆಯಲ್ಲಿ ಇಬ್ಬರಾದರೂ ತಿಳಿದಿರಬೇಕು. ವಿಸ್ತರಣಾ ಕಾರ್ಯಕರ್ತರು ಹಳ್ಳಿಗಳಲ್ಲಿ ಇದನ್ನು ಒಮ್ಮೆ ಮಾಡಿ ತೋರಿಸುವುದು ಒಳ್ಳೆಯದು. ಡಿಸ್ಕನ್ನು ದುಡ್ಡು ಕೊಟ್ಟು ಕೊಳ್ಳಬಹುದು. ಹತ್ತು ವರ್ಷದ ಬೇಸಾಯದ ಅನುಭವ ಬರೆದಿಟ್ಟ ಲೆಕ್ಕ ಯಾವ ಅಂಗಡಿಯಲ್ಲಿಯೂ ಸಿಗದು.