ಪಾಲಕರ ಸಭೆ ಅಂದರೇನು?

ಬರುವ ಶನಿವಾರ ಶಾಲೆ ಬಿಟ್ಟ ಮೇಲೆ ಪಾಲಕರ ಸಭೆ ಇದೆ. ಅದು ಚಾಡಿ ಹೇಳುವ ದಿನ ಅಂತ ನಮ್ಮಲ್ಲಿ ಬಹಳ ಮಂದಿ ತಿಳಿದಾರೆ. ಹಾಗಲ್ಲ. ವರ್ಗದಲ್ಲಿ ಯಾವ ಪಾಠ ನಡೆದದ, ಯಾರು ಎಷ್ಟು ದಿನ ಬಂದಿಲ್ಲ, ಮುಂದೆ ಏನೇನು ಇದೆ ಎಂದು ಗುರುಗಳು ಮನೆಯವರಿಗೆ ತಿಳಿಸುತ್ತಾರೆ. ಈ ಸಲ ಪ್ರತಿಭಾ ಕಾರಂಜಿ ಇದೆ. ಮೊದಲು ಕ್ಲಸ್ಟರ್, ಆಮೇಲೆ ನಿಪ್ಪಾಣಿ ತಾಲೂಕು, ಅಲ್ಲಿ ಗೆದ್ದವರು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ. ಕಂಠಪಾಠಕ್ಕೆ ಯಾರು, ರಂಗೋಲಿಗೆ ಯಾರು ಎಂದು ಅವತ್ತೇ ಹೆಸರು ಬರಕೊಳ್ಳುತ್ತಾರೆ.

ಸಭೆಯ ಚೀಟಿ ಕನ್ನಡದಲ್ಲಿ ಇರ್ತದೆ. ಕೆಲವರ ಮನೆಯಲ್ಲಿ ಮರಾಠಿ ಮಾತು. ನಮ್ಮ ಅವ್ವನಿಗೆ ಓದಲಿಕ್ಕೇ ಬರುವುದಿಲ್ಲ, ನಾನೇ ಓದಿ ಹೇಳಬೇಕು. ಹೋದ ಸಲ “9 ದಿನ ಗೈರುಹಾಜರು” ಎಂಬ ಸಾಲು ಬಿಟ್ಟು ಓದಿದೆ. 5 ದಿನ ಬೀಡಿ ಎಲೆ ಕತ್ತರಿಸಲು ಅವ್ವನೇ ನಿಲ್ಲಿಸಿಕೊಂಡಿದ್ದಳು. ಉಳಿದ 4 ದಿನ ನಾನು ವೇದಗಂಗೆಯಲ್ಲಿ ಈಜಿದ್ದು.

ಬೀಡಿಗೆ ಸಾವಿರದ ಲೆಕ್ಕದಲ್ಲಿ ಕೂಲಿ. ಸಭೆಗೆ ಬಂದರೆ ಅಷ್ಟು ಬೀಡಿ ಕಡಿಮೆ. ಆದರೂ ಅವ್ವ ಬಂದಳು. ಗುರುಗಳು ಹಾಜರಿ ಪುಸ್ತಕ ತೆಗೆದರು! ದಾರಿಯಲ್ಲಿ ಅವ್ವ ಮಾತೇ ಆಡಲಿಲ್ಲ. ಬೈದಿದ್ದರೆ ಪಾಡಿತ್ತು. ಮನೆಗೆ ಬಂದು, “ನಾಳಿಂದ ಎಲಿಗೆ ಕೈ ಹಚ್ಚಬ್ಯಾಡ” ಅಂದಳು.

ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ ಪ್ರಕಾರ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕು, ಅರ್ಧ ಹೆಣ್ಣುಮಕ್ಕಳು ಇರಬೇಕು. ಅಂದಮೇಲೆ ಅವ್ವಂದಿರೂ ಕೇಳಬಹುದು, ಹೇಳಬಹುದು.

ಚೀಟಿ ಗುರುವಾರ ಕೊಡುತ್ತಾರೆ. ಸಣ್ಣ ವರ್ಗದವರಿಗೆ ಓದಲು ತಿಳಿಯದಿದ್ದರೆ ಊಟದ ಬಿಡುವಿನಲ್ಲಿ ಏಳನೇ ವರ್ಗಕ್ಕೆ ತನ್ನಿರಿ. ಎಲ್ಲಾ ಸಾಲು ಓದಿ ಹೇಳುತ್ತೇವೆ.