ಬಿಸಿನೀರು ಕಟ್ಟಿದ ಮೆಟ್ಟಿಲು: ಸುಣ್ಣದ ತಿಳಿನೀರಿನ ಪಾಠದ ವಿಸ್ತರಣೆ

ಹತ್ತನೆಯ ತರಗತಿಯ ಸುಣ್ಣದ ತಿಳಿನೀರಿನ ಪ್ರಯೋಗ ಅಭ್ಯಾಸ ಬೋಧನೆಯಲ್ಲಿ ‘ತಿಳಿನೀರು ಹಾಲಿನಂತಾಯಿತು’ ಎಂಬಲ್ಲಿಗೇ ಮುಗಿದುಬಿಡುವುದುಂಟು. ಇನ್ನೆರಡು ಹೆಜ್ಜೆ ಮುಂದುವರಿಸಿದರೆ, ಅದೇ ಪ್ರನಾಳದಲ್ಲಿ ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಮ್ಯಾಮತ್ ಬಿಸಿನೀರಿನ ಬುಗ್ಗೆಗಳನ್ನು ಅರ್ಥ ಮಾಡಿಸಬಹುದು.

1872ರಲ್ಲಿ ಸ್ಥಾಪನೆಯಾದ ಈ ಉದ್ಯಾನದ ಉತ್ತರ ಭಾಗದಲ್ಲಿ ಮ್ಯಾಮತ್ ಇದೆ. ಅಲ್ಲಿನ ಇಳಿಜಾರಿನಲ್ಲಿ ಬಿಳಿಯ ಮೆಟ್ಟಿಲುಗಳು. ಒಂದೊಂದೂ ಅಂಚು ಕಟ್ಟಿದ ತಟ್ಟೆಯಂತೆ ನೀರು ಹಿಡಿದಿರುತ್ತದೆ. ಚಿತ್ರ ತೋರಿಸಿದಾಗ ಮಕ್ಕಳು ಹಿಮ, ಉಪ್ಪು ಎಂದು ಊಹಿಸಬಹುದು. ಊಹೆಗಳನ್ನು ತಳ್ಳಿಹಾಕದೆ ಕಪ್ಪುಹಲಗೆಯ ಮೇಲೆ ಬರೆದಿಡಿ.

ಮಳೆ ಮತ್ತು ಕರಗಿದ ಹಿಮದ ನೀರು ನೆಲದೊಳಗೆ ಇಳಿದು ಕಾಯುತ್ತದೆ. ಅದರಲ್ಲಿ ಕಾರ್ಬನ್ ಡೈಆಕ್ಸೈಡ್ ಕರಗಿ ದುರ್ಬಲ ಕಾರ್ಬಾನಿಕ್ ಆಮ್ಲವಾಗುತ್ತದೆ. ಈ ನೀರು ಸುಣ್ಣಕಲ್ಲಿನ ಪದರಗಳನ್ನು ಹಾದು ಬರುವಾಗ ಕಲ್ಲನ್ನು ಕರಗಿಸಿ, ಕ್ಯಾಲ್ಸಿಯಂ ಬೈಕಾರ್ಬನೇಟ್ ರೂಪದಲ್ಲಿ ಹೊತ್ತು ತರುತ್ತದೆ. ಮೇಲಕ್ಕೆ ಬಂದಾಗ ಒತ್ತಡ ಇಳಿದು ಅನಿಲ ಹೊರಟುಹೋಗುತ್ತದೆ. ಕ್ಯಾಲ್ಸಿಯಂ ಕಾರ್ಬನೇಟ್ ಟ್ರಾವರ್ಟೈನ್ ಎಂಬ ಕಲ್ಲಾಗಿ ಕೂರುತ್ತದೆ. ‘ನೀರು ಆವಿಯಾಗಿ ಲವಣ ಉಳಿಯಿತು’ ಎಂದರೆ ಸಾಲದು. ಇಲ್ಲಿ ಮುಖ್ಯ ಕಾರಣ ಅನಿಲದ ನಿರ್ಗಮನ. ಪಾಠದ ತಿರುಳು ಇದೇ.

ಚಟುವಟಿಕೆ: ತಿಳಿನೀರಿಗೆ ಅಷ್ಟೇ ಪ್ರಮಾಣದ ಬಟ್ಟಿ ಇಳಿಸಿದ ನೀರು ಬೆರೆಸಿ, ಅಡುಗೆ ಸೋಡಾ ಮತ್ತು ವಿನೆಗರ್‌ನಿಂದ ಬರುವ ಅನಿಲವನ್ನು ಹಾಯಿಸಿ.

1. ದ್ರಾವಣ ಹಾಲಿನಂತಾಗುತ್ತದೆ.
2. ಅನಿಲ ಹಾಯಿಸುತ್ತಲೇ ಇದ್ದರೆ ಮತ್ತೆ ತಿಳಿಯಾಗುತ್ತದೆ. ಇದು ನೆಲದೊಳಗಿನ ನೀರಿನ ಸ್ಥಿತಿ.
3. ಈಗ ಕಾಯಿಸಿದರೆ ಅನಿಲ ಹೊರಟು ಮತ್ತೆ ಬಿಳಿಯಾಗುತ್ತದೆ. ಇದು ಮೆಟ್ಟಿಲು.

ಗಡಸುನೀರಿನ ಊರುಗಳಲ್ಲಿ ಬಚ್ಚಲ ಹಂಡೆಯೊಳಗೆ ಕಟ್ಟುವ ಬಿಳಿ ಪೊರೆಯೂ ಹೀಗೆಯೇ ಆದದ್ದು.

‘ಅಲ್ಲಿ ನೀರು ಹೊರಬಂದು ಆರುತ್ತದೆ, ಇಲ್ಲಿ ನಾವು ಕಾಯಿಸುತ್ತೇವಲ್ಲ?’ ಎಂದು ಒಬ್ಬ ವಿದ್ಯಾರ್ಥಿ ಕೇಳಿದರೆ ಪಾಠ ಸರಿದಾರಿಯಲ್ಲಿದೆ ಎಂದರ್ಥ. ಕಾಯಿಸುವುದು ಅನಿಲವನ್ನು ಹೊರಹಾಕಲು. ಮ್ಯಾಮತ್‌ನಲ್ಲಿ ಆ ಕೆಲಸವನ್ನು ಒತ್ತಡದ ಇಳಿಕೆ ಮಾಡುತ್ತದೆ.

ಮೆಟ್ಟಿಲುಗಳ ಹಳದಿ, ಕಿತ್ತಳೆ, ಕಂದು ಬಣ್ಣಗಳು ಬಿಸಿನೀರಿನಲ್ಲಿ ಬದುಕುವ ಸೂಕ್ಷ್ಮಜೀವಿಗಳವು. ನೀರು ನಿಂತ ಕಡೆ ಕಲ್ಲು ಕ್ರಮೇಣ ಬೂದುಬಣ್ಣಕ್ಕೆ ತಿರುಗುತ್ತದೆ. ಪ್ರವಾಸಿಗರು ಮರದ ಹಲಗೆಯ ಕಾಲುದಾರಿ ಬಿಟ್ಟು ಇಳಿಯುವಂತಿಲ್ಲ. ತೆಳುವಾದ ಪದರದ ಕೆಳಗೆ ಸುಡುನೀರಿರುತ್ತದೆ. ಯೆಲ್ಲೋಸ್ಟೋನ್‌ನ ಬುಗ್ಗೆಗಳಲ್ಲಿ ಸುಟ್ಟು 20ಕ್ಕೂ ಹೆಚ್ಚು ಜನ ಸತ್ತಿದ್ದಾರೆ. ಈ ಮಾತನ್ನು ಪಾಠದಲ್ಲಿ ಬಿಡಬೇಡಿ.

ಮೌಲ್ಯಮಾಪನ ಪ್ರಶ್ನೆ: ಬುಗ್ಗೆಯ ನೀರನ್ನು ಎರಡು ಬಾಟಲಿಗಳಲ್ಲಿ ಬಾಯಿವರೆಗೆ ತುಂಬಿ, ಒಂದನ್ನು ಬಿಗಿಯಾಗಿ ಮುಚ್ಚಿ, ಇನ್ನೊಂದನ್ನು ತೆರೆದಿಟ್ಟರೆ ಯಾವುದರಲ್ಲಿ ಬಿಳಿ ಪುಡಿ ಹೆಚ್ಚು ಕೂರುತ್ತದೆ? ಏಕೆ?